ನಮ್ಮ ಪೋಸ್ಟ್ ಅಳಿಸುವ ಹಕ್ಕು ಫೇಸ್‌ಬುಕ್‌ಗೆ ಇದೆಯೇ?

ಪೋಸ್ಟ್ ಡಿಲೀಟ್ ಆದಾಗಲೆಲ್ಲ ಕೇಳಿಬರುವ ಮಾತು ಇದು: "ಸಂವಿಧಾನದ 19ನೇ ವಿಧಿ ನನಗೆ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಅಳಿಸಲು ಇವರು ಯಾರು?"

ಇದು ಅರ್ಧ ಸತ್ಯ. ಆ ವಿಧಿ ನಮ್ಮನ್ನು ಮುಖ್ಯವಾಗಿ ಕಾಪಾಡುವುದು ಸರ್ಕಾರದಿಂದ. ಈ ಹಕ್ಕನ್ನು ಖಾಸಗಿಯವರ ವಿರುದ್ಧವೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2023ರಲ್ಲಿ ಹೇಳಿದ್ದುಂಟು. ಅದರಿಂದ ಕಂಪನಿಗಳ ನಿಯಮಗಳೇನೂ ರದ್ದಾಗಿಲ್ಲ. ಖಾತೆ ತೆರೆಯುವಾಗ ನಾವೆಲ್ಲ ಓದದೆಯೇ ಒಪ್ಪಿಗೆ ಒತ್ತಿದ್ದೇವಲ್ಲ, ಅಳಿಸುವ ಅಧಿಕಾರ ಇರುವುದು ಆ ಷರತ್ತುಗಳಲ್ಲೇ.

ಏನನ್ನೂ ಅಳಿಸಲೇಬಾರದು ಎನ್ನಲೂ ನಮಗೆ ಮನಸ್ಸಿಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ನಿಲ್ಲಿಸಿ ಎನ್ನುವ ವಿಡಿಯೊ ಕೋರ್ಟ್ ಆದೇಶ ಬರುವವರೆಗೂ ಹರಿದಾಡುತ್ತಿದ್ದರೆ ಜೀವವೇ ಹೋಗಬಹುದು.

ತೊಂದರೆ ಇರುವುದು ತಪ್ಪಾಗಿ ಅಳಿಸಿದಾಗ. 2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಬಳಕೆದಾರರೊಬ್ಬರು ಸ್ತನ ಕ್ಯಾನ್ಸರ್‌ನ ಲಕ್ಷಣಗಳನ್ನು ತೋರಿಸುವ ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಹಾಕಿದರು. ಜಾಗೃತಿಗಾಗಿ ಇಂಥ ಚಿತ್ರ ಹಾಕಲು ಕಂಪನಿಯ ನಿಯಮದಲ್ಲೇ ಅವಕಾಶವಿತ್ತು. ಆದರೂ ಸ್ವಯಂಚಾಲಿತ ವ್ಯವಸ್ಥೆ ಅದನ್ನು ನಗ್ನತೆ ಎಂದು ತೆಗೆದುಹಾಕಿತು. ಚಿತ್ರದ ಮೇಲೆ ಪೋರ್ಚುಗೀಸ್‌ನಲ್ಲಿ 'ಸ್ತನ ಕ್ಯಾನ್ಸರ್' ಎಂದು ಬರೆದಿದ್ದರೂ ಯಂತ್ರಕ್ಕೆ ಅದು ತಿಳಿಯಲಿಲ್ಲ. ಪ್ರಕರಣವನ್ನು ಓವರ್‌ಸೈಟ್ ಬೋರ್ಡ್ ಕೈಗೆತ್ತಿಕೊಂಡ ಮೇಲಷ್ಟೇ ಪೋಸ್ಟ್ ಮರಳಿತು. ಅಳಿಸಿದ್ದು ತಪ್ಪು ಎಂದು ಬೋರ್ಡ್ 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಯಂತ್ರ ಅಳಿಸಿದ್ದರೆ ಬಳಕೆದಾರರಿಗೆ ಹಾಗೆಂದು ತಿಳಿಸಿ, ಮನುಷ್ಯರಿಂದ ಮರುಪರಿಶೀಲನೆ ಮಾಡಿಸಿ ಎಂದೂ ಹೇಳಿತು. ಪೋರ್ಚುಗೀಸ್‌ನಲ್ಲೇ ಎಡವಿದ ಯಂತ್ರ ಕನ್ನಡದಲ್ಲಿ ಎಡವದೇ ಇದ್ದೀತೆ?

ಹಾಗಾಗಿ ಪೋಸ್ಟ್ ಹೋದಾಗ 19ನೇ ವಿಧಿಯ ಫಾರ್ವರ್ಡ್ ಕಳಿಸುವುದಕ್ಕಿಂತ, ಏಕೆ ಅಳಿಸಿದಿರಿ ಎಂದು ಕೇಳುವುದು ಮೇಲು. ಅದಕ್ಕೆ ದಾರಿ ಇದೆ. 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣ ತಾನಾಗಿ ಪೋಸ್ಟ್ ತೆಗೆಯುವ ಮೊದಲು ಕಾರಣ ತಿಳಿಸಬೇಕು, ನಮ್ಮ ವಾದವನ್ನೂ ಕೇಳಬೇಕು. ದೂರು ಕೊಟ್ಟರೆ ಅದರ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆ ಸಮಿತಿಯನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಸರ್ಕಾರವನ್ನು ಟೀಕಿಸಿದ ಪೋಸ್ಟ್ ಅಲ್ಲಿಗೆ ಹೋದರೆ ಏನು ಗತಿ ಎಂಬ ಅನುಮಾನ ನಮಗೂ ಇದೆ.

ಒಂದು ಮಾತು: ಅಳಿಸಿದ ಸೂಚನೆ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೂರಿಗೆ ಅದೇ ಆಧಾರ.