ಫ್ಲಮೆಂಕೊ ನಮ್ಮದಲ್ಲ, ಗ್ರನಾಡಾದಲ್ಲಿ ನಮ್ಮದು ಬೇರೆಯೇ ಇದೆ

ಸ್ಪೇನ್ ಪ್ರವಾಸದ ಕಾರ್ಯಕ್ರಮ ಪಟ್ಟಿಯಲ್ಲಿ ಗ್ರನಾಡಾ ನಗರಕ್ಕೆ ಮೀಸಲಾದ ದಿನದ ಕೊನೆಯ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ಸಂಜೆ ಫ್ಲಮೆಂಕೊ ಗಾಯನ ಮತ್ತು ನೃತ್ಯದ ನೇರ ಪ್ರದರ್ಶನ, ಅದಾದ ಮೇಲೆ ಅಲ್‌ಹಂಬ್ರಾ ಕೋಟೆ ಕಾಣುವ ತಾರಸಿಯಲ್ಲಿ ರಾತ್ರಿಯ ಭೋಜನ. ಪ್ರವಾಸಿಗರು ಮುಸ್ಲಿಮರಾದರೆ ಇದೇ ಸಾಲು 'ನಮ್ಮ ಅಂದಲೂಸ್‌ನ ಒಂದು ಸಂಜೆ' ಆಗಿಬಿಡುತ್ತದೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಸಹೋದರರಲ್ಲಿ ಅನುಕೂಲವಂತರು ಈಗ ಈ ಹಾದಿಯನ್ನೂ ಹಿಡಿದಿದ್ದಾರೆ. ಹೋಗಲಿ. ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಪರಿಣಾಮವನ್ನು ನೋಡಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಆದೇಶಿಸಿದೆ. ನನ್ನ ತಕರಾರಿರುವುದು ಅವರು ಮರಳುವಾಗ ಹೊತ್ತು ತರುವ ಮಾತಿನ ಬಗ್ಗೆ. ಫ್ಲಮೆಂಕೊ ಅರಬಿ ಮೂಲದ್ದಂತೆ, ಆದ್ದರಿಂದ ಅದು ನಮ್ಮದಂತೆ. ಗಿಟಾರಿನ ನಾದದಲ್ಲಿ ಪೂರ್ವಜರ ವೈಭವ ಕೇಳಿಸಿತಂತೆ. ತಾರಸಿಯಲ್ಲಿ ಕುಳಿತು ದೀಪಗಳಲ್ಲಿ ಮಿಂದ ಅರಮನೆಯನ್ನು ನೋಡುವಾಗ ಕಣ್ಣು ತುಂಬಿ ಬಂದಿತಂತೆ. ಈ ಕಣ್ಣೀರನ್ನು ನಾನು ನಂಬಲಾರೆ. ಅದರ ಹಿಂದೆ ಇತಿಹಾಸವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ.

ವಾದ್ಯಸಂಗೀತದ ಧರ್ಮವಿಧಿಯನ್ನು ಇಲ್ಲಿ ಚರ್ಚಿಸುತ್ತಿಲ್ಲ. ಉಲಮಾಗಳಲ್ಲಿ ಬಹುಪಾಲು ಜನರ ನಿಲುವೇನೆಂಬುದು ಓದುಗರಿಗೆ ಗೊತ್ತಿದೆ. ಅದೇ ಅಂದಲೂಸ್‌ನ ಕುರ್ತುಬಾದವರಾದ ಇಬ್ನ್ ಹಝ್ಮ್ ಭಿನ್ನ ನಿಲುವು ತಳೆದಿದ್ದರೆಂಬುದೂ ಅಷ್ಟೇ ಸತ್ಯ. ಆ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಸಂಗೀತವನ್ನು ಧರ್ಮಸಮ್ಮತವೆಂದು ಒಪ್ಪಿಕೊಂಡವರಿಗೂ ನನ್ನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮೊದಲು ಆ ಹೆಸರಿನ ವಿಷಯ. ಫ್ಲಮೆಂಕೊ ಎಂಬ ಪದ, ಭೂಮಿ ಕಳೆದುಕೊಂಡು ಅಲೆಯುವ ರೈತ ಎಂಬರ್ಥದ ಅರಬಿ ಪದಗುಚ್ಛದಿಂದ ಬಂದಿದೆ ಎಂಬ ಊಹೆಯನ್ನು ಮುಂದಿಟ್ಟವರು ಆಂದಲೂಸಿಯಾದ ಚಿಂತಕ ಬ್ಲಾಸ್ ಇನ್ಫಾಂತೆ. ತನ್ನ ನಾಡಿನ ಮುಸ್ಲಿಮ್ ಗತವನ್ನು ಪ್ರೀತಿಯಿಂದ ಕಂಡ ಆ ಮನುಷ್ಯನನ್ನು 1936ರ ಆಗಸ್ಟ್‌ನಲ್ಲಿ ಫ್ರಾಂಕೊ ಪಕ್ಷದವರು ಗುಂಡಿಟ್ಟು ಕೊಂದರು. ಆತನ ಬಗ್ಗೆ ನನಗೆ ಗೌರವವಿದೆ. ಆದರೆ ಆ ವ್ಯುತ್ಪತ್ತಿಗೆ ಆಧಾರ ಸಿಕ್ಕಿಲ್ಲ, ಭಾಷಾವಿದ್ವಾಂಸರು ಅದನ್ನು ಒಪ್ಪಿಲ್ಲ. ಮುಸ್ಲಿಮರನ್ನು ಸ್ಪೇನ್‌ನಿಂದ ಹೊರಹಾಕಿದ್ದು 1609ರಿಂದ 1614ರ ನಡುವೆ. ಫ್ಲಮೆಂಕೊ ಎಂಬ ಹೆಸರು ಒಂದು ಹಾಡುಗಾರಿಕೆಗೆ ಅಂಟಿಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ನಡುವಿನ ಇನ್ನೂರಕ್ಕೂ ಹೆಚ್ಚು ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಿ 'ಇದು ನಮ್ಮದು' ಎನ್ನುವುದು ಸಂಶೋಧನೆಯಲ್ಲ, ದುರಾಸೆ. ಆ ಸಂಗೀತದಲ್ಲಿ ಅರಬ್ ಛಾಯೆಗಳಿರಬಹುದು. ಆದರೆ ಅಂದಲೂಸ್‌ನ ಸಂಗೀತ ಪರಂಪರೆ ತನ್ನದೇ ಹೆಸರಿನಲ್ಲಿ ಉಳಿದದ್ದು ಸಮುದ್ರದ ಆಚೆ, ಫಾಸ್ ಮತ್ತು ತ್ಲಿಮ್ಸಾನ್‌ಗಳಲ್ಲಿ, ಟುನೀಸಿಯಾದಲ್ಲಿ.

ಹಾಗಾದರೆ ಫ್ಲಮೆಂಕೊ ಯಾರದು? ಅದರ ಒಡಲಿನ ನೋವು ಬಹುಮಟ್ಟಿಗೆ ರೋಮಾ ಜನರದು. ಜಿಪ್ಸಿಗಳೆಂದು ಜಗತ್ತು ಹೀಯಾಳಿಸಿದ, ತಮ್ಮ ಭಾಷೆಯ ಬೇರನ್ನು ನಮ್ಮದೇ ಭಾರತದಲ್ಲಿ ಇಟ್ಟುಕೊಂಡ ಜನ ಅವರು. ಹದಿನೈದನೆಯ ಶತಮಾನದಲ್ಲಿ ಸ್ಪೇನ್ ತಲುಪಿದ ಇವರ ಭಾಷೆ, ಉಡುಪು, ಅಲೆಮಾರಿ ಬದುಕುಗಳನ್ನು ದೊರೆಗಳು ಒಂದೊಂದಾಗಿ ನಿಷೇಧಿಸಿದರು. 1749ರ ಜುಲೈ 30ರಂದು ದೇಶವ್ಯಾಪಿ ದಾಳಿ ನಡೆಸಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಮಾಡಿ ಸಾವಿರಾರು ಜನರನ್ನು ಬಂಧಿಸಿದರು. ಗಂಡಸರು ನೌಕಾಗಾರಗಳಲ್ಲಿ ಜೀತಕ್ಕೆ ಬಿದ್ದರು. ಗ್ರನಾಡಾದ ಸಕ್ರೊಮೊಂತೆ ಗುಡ್ಡದ ಗುಹೆಮನೆಗಳಲ್ಲಿ ನೆಲೆಸಿದವರಲ್ಲಿ ಅನೇಕರು 1963ರ ಮಳೆಯಲ್ಲಿ ಗುಹೆಗಳು ಕುಸಿದಾಗ ಅಲ್ಲಿಂದಲೂ ತೆರವಾಗಬೇಕಾಯಿತು. ಇಂದು ಆ ಗುಹೆಗಳಲ್ಲಿ ಕೆಲವು ಪ್ರವಾಸಿಗರ ರಂಗಮಂದಿರಗಳು. ಮನೆ ಕಳೆದುಕೊಂಡವರ ಹಾಡನ್ನು ಕೇಳಿ ಬಂದು, ಅದು ನಮ್ಮ ಸುಲ್ತಾನರ ವೈಭವದ ಪ್ರತಿಧ್ವನಿ ಎನ್ನುವವನು ಆ ಗಾಯಕನ ತಾತನಿಗೂ ಅನ್ಯಾಯ ಮಾಡಿದ, ತನ್ನ ಪೂರ್ವಜರೆಂದು ಹೇಳಿಕೊಳ್ಳುವವರಿಗೂ ಅನ್ಯಾಯ ಮಾಡಿದ. ಇತರರ ಸೊತ್ತನ್ನು ತಮ್ಮದೆನ್ನುವವರನ್ನು ನಮ್ಮ ನಾಡಿನಲ್ಲಿ ಬೇಕಾದಷ್ಟು ಕಂಡಿದ್ದೇವೆ. ನಾವೂ ಆ ಸಾಲಿಗೆ ಸೇರಬೇಕೇ?

'ಸಕ್ರೊಮೊಂತೆಯ ಪ್ರದರ್ಶನದ ಹೆಸರೇ ಸಾಂಬ್ರಾ, ಅದಂತೂ ಅರಬಿ ಪದವಲ್ಲವೇ?' ಎಂದು ಕೇಳುವವರಿದ್ದಾರೆ. ಹೌದು, ಆ ಹೆಸರಿನ ನಂಟು ನಮ್ಮವರೊಂದಿಗೆ ಇದೆ. ಆ ನಂಟಿನ ಕಥೆಯನ್ನು ಪೂರ್ತಿಯಾಗಿ ಕೇಳುವ ತಾಳ್ಮೆ ಇದ್ದರೆ ತಾರಸಿಯ ಊಟ ಗಂಟಲಲ್ಲಿ ಇಳಿಯುವುದು ಕಷ್ಟ.

1492ರ ಜನವರಿ 2ರಂದು ಗ್ರನಾಡಾ ಶರಣಾದಾಗ ಮುಸ್ಲಿಮರ ಧರ್ಮ, ಮಸೀದಿ, ನ್ಯಾಯವಿಧಾನಗಳಿಗೆ ಲಿಖಿತ ಭರವಸೆ ಇತ್ತು. ಹತ್ತು ವರ್ಷಗಳೂ ಅದು ಬಾಳಲಿಲ್ಲ. 1499ರಲ್ಲಿ ಬಂದ ಸಿಸ್ನೆರೋಸ್ ಎಂಬ ಧರ್ಮಾಧಿಕಾರಿ ಸಾಮೂಹಿಕ ಮತಾಂತರ ನಡೆಸಿದ, ಅರಬಿ ಗ್ರಂಥಗಳನ್ನು ನಗರದ ಚೌಕದಲ್ಲಿ ರಾಶಿ ಹಾಕಿ ಸುಟ್ಟ. 1502ರಲ್ಲಿ ಕಾಸ್ಟೈಲ್ ರಾಜ್ಯದ ಮುಸ್ಲಿಮರ ಮುಂದೆ ಉಳಿದದ್ದು ಎರಡೇ ದಾರಿ: ದೀಕ್ಷಾಸ್ನಾನ ಅಥವಾ ಗಡೀಪಾರು. ಹೀಗೆ ಹೆಸರಿಗೆ ಕ್ರೈಸ್ತರಾದವರನ್ನೇ ಮೊರಿಸ್ಕೊಗಳೆಂದು ಕರೆದರು. 1567ರ ಆರಂಭದಲ್ಲಿ ದೊರೆ ಎರಡನೆಯ ಫಿಲಿಪನ ಶಾಸನ ಗ್ರನಾಡಾದಲ್ಲಿ ಸಾರಲ್ಪಟ್ಟಿತು. ಮೂರು ವರ್ಷಗಳೊಳಗೆ ಅರಬಿ ಭಾಷೆಯನ್ನು ಬಿಡಬೇಕು, ಆಡುವಂತಿಲ್ಲ, ಬರೆಯುವಂತಿಲ್ಲ. ಹೆಂಗಸರು ಮುಖ ತೆರೆದು ನಡೆಯಬೇಕು. ಮುಸ್ಲಿಮ್ ಹೆಸರುಗಳು ಕೂಡದು. ಸಾರ್ವಜನಿಕ ಸ್ನಾನಗೃಹಗಳು ಕೂಡದು. ಮದುವೆಯ ದಿನ ಮತ್ತು ಶುಕ್ರವಾರ ಮಧ್ಯಾಹ್ನದ ಮೇಲೆ ಮನೆಯ ಬಾಗಿಲು ತೆರೆದಿಟ್ಟಿರಬೇಕು, ಒಳಗೆ ಏನು ನಡೆಯುತ್ತದೆಂದು ಬೀದಿಗೆ ಕಾಣಬೇಕು. ಮತ್ತು ಸಾಂಬ್ರಾ ಕೂಡದು; ಅದರ ಹಾಡಿನಲ್ಲಿ ಕ್ರೈಸ್ತ ಧರ್ಮಕ್ಕೆ ವಿರುದ್ಧವಾದುದು ಏನೂ ಇಲ್ಲದಿದ್ದರೂ ಕೂಡದು.

ಆ ಶಾಸನದ ವಿರುದ್ಧ ನ್ಯಾಯಾಲಯದ ಅಧ್ಯಕ್ಷನೆದುರು ವಾದ ಮಂಡಿಸಿದವನು ಫ್ರಾನ್ಸಿಸ್ಕೊ ನೂನ್ಯೆಸ್ ಮುಲೈ ಎಂಬ ವೃದ್ಧ ಮೊರಿಸ್ಕೊ ಗಣ್ಯ. ಸಾಂಬ್ರಾದ ಬಗ್ಗೆ ಆತ ಹೇಳಿದ್ದನ್ನು ನಮ್ಮ ಪ್ರವಾಸಿ ಸಹೋದರರು ಗಮನಿಸಬೇಕು. ಸಾಂಬ್ರಾ ಇಸ್ಲಾಮ್ ಧರ್ಮದ ಭಾಗವೇ ಅಲ್ಲ, ಅದು ಈ ಸೀಮೆಯ ಒಂದು ರೂಢಿ ಮಾತ್ರ. ಧರ್ಮವಾಗಿದ್ದರೆ ಎಲ್ಲ ಮುಸ್ಲಿಮ್ ನಾಡುಗಳಲ್ಲೂ ಒಂದೇ ತೆರನಾಗಿ ಇರಬೇಕಿತ್ತು. ನಮ್ಮ ಧರ್ಮವಿದ್ವಾಂಸರಿಗಂತೂ ಅದು ಸಲ್ಲುತ್ತಲೇ ಇರಲಿಲ್ಲ ಎಂಬುದು ಆತನ ವಾದ. ಗ್ರನಾಡಾದ ಮೊದಲ ಆರ್ಚ್‌ಬಿಷಪ್ ತಾಲವೆರಾ ತನ್ನ ಉತ್ಸವದ ಮೆರವಣಿಗೆಯಲ್ಲೇ ಸಾಂಬ್ರಾ ತಂಡಗಳನ್ನು ಸೇರಿಸಿಕೊಂಡಿದ್ದನೆಂದೂ ಆತ ನೆನಪಿಸಿದ. ಜನಾಂಗವೊಂದರ ಮುದುಕ, ತನ್ನವರ ಮದುವೆಮನೆಯ ಹಾಡನ್ನಾದರೂ ಉಳಿಸಿಕೊಳ್ಳಲು, ಅದು ಧರ್ಮವಲ್ಲ ಎಂದು ಅಧಿಕಾರಿಯ ಮುಂದೆ ಕೈಮುಗಿದು ಹೇಳಬೇಕಾಯಿತು. ಆದರೂ ಯಾರೂ ಕೇಳಲಿಲ್ಲ. ಅದೇ ಹೆಸರನ್ನು ಈಗ ಟಿಕೆಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ, ಅದನ್ನು ಕೊಂಡವನು ತನ್ನ ಇಸ್ಲಾಮೀ ಪರಂಪರೆಯನ್ನು ಕಂಡೆನೆಂದು ಬೀಗುತ್ತಾನೆ!

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1568ರ ಡಿಸೆಂಬರ್‌ನಲ್ಲಿ ಆಲ್ಪುಹಾರಾ ಬೆಟ್ಟಗಳಲ್ಲಿ ದಂಗೆ ಎದ್ದಿತು, ಎರಡು ವರ್ಷಗಳ ರಕ್ತಪಾತದ ನಂತರ ಅಡಗಿತು. ಗ್ರನಾಡಾದ ಮೊರಿಸ್ಕೊಗಳನ್ನು ಚಳಿಯಲ್ಲಿ ನಡೆಸಿಕೊಂಡು ಹೋಗಿ ಕಾಸ್ಟೈಲ್‌ನ ಊರೂರುಗಳಲ್ಲಿ ಚೆದುರಿಸಿದರು, ದಾರಿಯಲ್ಲೇ ಸತ್ತವರು ಬಹಳ. 1609ರ ಗಡೀಪಾರಿನಲ್ಲಿ ಸ್ಪೇನ್ ತೊರೆದವರು ಸುಮಾರು ಮೂರು ಲಕ್ಷ.

ಈಗ ಊಟದ ವಿಷಯಕ್ಕೆ ಬರೋಣ, ಏಕೆಂದರೆ ತಾರಸಿಯ ಮೇಲಿನ ಊಟ ಈ ಕಥೆಯಲ್ಲಿ ಮುಗ್ಧವಾದುದಲ್ಲ. ಆ ದಿನಗಳ ಸ್ಪೇನ್‌ನಲ್ಲಿ ಊಟವೇ ಸಾಕ್ಷ್ಯವಾಗಿತ್ತು. ಹಂದಿಮಾಂಸವನ್ನು ಮುಟ್ಟದವನು, ಮದ್ಯ ಬೇಡವೆಂದವನು, ರಮಝಾನ್‌ನ ಹಗಲಿನಲ್ಲಿ ಏನನ್ನೂ ತಿನ್ನದವನು ನೆರೆಯವರ ದೂರಿನ ಮೇಲೆ ಧರ್ಮವಿಚಾರಣಾ ನ್ಯಾಯಾಲಯದ ಮುಂದೆ ನಿಲ್ಲಬೇಕಿತ್ತು. 1504ರಲ್ಲಿ ವಹ್ರಾನ್ ಮೂಲದ ವಿದ್ವಾಂಸ ಅಹ್ಮದ್ ಇಬ್ನ್ ಅಬೀ ಜುಮುಅಃ ಈ ಜನರಿಗೊಂದು ಫತ್ವಾ ಬರೆದು ಕಳುಹಿಸಿದರು. ಬಲಾತ್ಕಾರಕ್ಕೊಳಗಾಗಿ ನಾಲಿಗೆ ಏನೇ ನುಡಿದರೂ ಹೃದಯ ವಿಶ್ವಾಸದಲ್ಲಿ ನೆಲೆಗೊಂಡಿದ್ದರೆ ಅವನ ಮೇಲೆ ದೋಷವಿಲ್ಲವೆಂಬ ಕುರ್‌ಆನಿನ ವಿನಾಯಿತಿ ಅದರ ತಳಹದಿ. ನಮಾಝನ್ನು ಸನ್ನೆಯಲ್ಲಾದರೂ ನಿರ್ವಹಿಸಿ; ಹಗಲು ಸಾಧ್ಯವಾಗದಿದ್ದರೆ ರಾತ್ರಿ ಪೂರೈಸಿ; ಝಕಾತನ್ನು ಬಡವನಿಗೆ ಕೊಟ್ಟ ಕೊಡುಗೆಯಂತೆ ಕೊಡಿ; ಹಂದಿಮಾಂಸ ತಿನ್ನಲೇಬೇಕೆಂದು ಬಲವಂತ ಮಾಡಿದರೆ ಅದು ನಿಷಿದ್ಧವೆಂಬ ನಂಬಿಕೆಯನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ತಿನ್ನಿ. ಈ ಫತ್ವಾವನ್ನು ಜನ ಗುಟ್ಟಾಗಿ ನಕಲು ಮಾಡಿ ಕಾಪಾಡಿಕೊಂಡರು.

ತುತ್ತೊಂದನ್ನು ನುಂಗುವಾಗ ಅಂತರಂಗದಲ್ಲಿ ಅಲ್ಲಾಹನ ಕ್ಷಮೆ ಬೇಡುತ್ತಿದ್ದವರ ಬೀದಿ ಅದು. ಆ ಬೀದಿಯ ಮಹಡಿಯಲ್ಲಿ, ಯಾವ ಬಲವಂತವೂ ಇಲ್ಲದೆ, ಪಕ್ಕದ ಮೇಜಿನ ಮದ್ಯದ ವಾಸನೆಯ ನಡುವೆ ಕುಳಿತು, ತಟ್ಟೆಯ ಮಾಂಸ ಯಾವುದೆಂದು ಕೇಳಲೂ ಸಂಕೋಚಪಡುವ ನಮ್ಮ ಸ್ಥಿತಿಗೆ ಯಾವ ಫತ್ವಾ ಇದೆ? ಜೂನ್ ತಿಂಗಳಿನಲ್ಲಿ ಗ್ರನಾಡಾದ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಮಗ್ರಿಬ್‌ನ ಹೊತ್ತು ರಾತ್ರಿಯ ಪ್ರದರ್ಶನದ ನಟ್ಟನಡುವೆ ಬೀಳುತ್ತದೆ. ಸನ್ನೆಯಲ್ಲಾದರೂ ನಮಾಝ್ ಉಳಿಸಿಕೊಂಡವರ ನೆನಪಿಗಾಗಿ ಹೋದವನು, ಚಪ್ಪಾಳೆ ತಟ್ಟುತ್ತಾ ಅದನ್ನು ಕಳೆದುಕೊಳ್ಳುತ್ತಾನೆ.

ಇನ್ನು ಆ ಅರಮನೆಯ ವೈಭವ. ಅಲ್‌ಹಂಬ್ರಾದ ಗೋಡೆಗೋಡೆಯ ಮೇಲೆ, ಅಲ್ಲಾಹನ ಹೊರತು ವಿಜಯಿ ಯಾರೂ ಇಲ್ಲ ಎಂಬ ಘೋಷವಾಕ್ಯವನ್ನು ಕೆತ್ತಲಾಗಿದೆ. ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳದವರಿಲ್ಲ. ಆ ರಾಜವಂಶದ ಮೂಲಪುರುಷ ಮುಹಮ್ಮದ್ ಇಬ್ನುಲ್ ಅಹ್ಮರ್ ಕಾಸ್ಟೈಲ್‌ನ ದೊರೆಗೆ ಕಪ್ಪ ಕೊಡುವ ಸಾಮಂತನಾಗಿ, 1248ರಲ್ಲಿ ಮುಸ್ಲಿಮ್ ಇಶ್ಬೀಲಿಯಾವನ್ನು, ಅಂದರೆ ಇಂದಿನ ಸೆವಿಲ್ಲೆಯನ್ನು, ಮುತ್ತಿ ಗೆಲ್ಲಲು ಅದೇ ದೊರೆಗೆ ತನ್ನ ಕುದುರೆ ಸವಾರರನ್ನು ಕೊಟ್ಟಿದ್ದ. ಕೊನೆಯ ದೊರೆ ಅಬೂ ಅಬ್ದಿಲ್ಲಾಹ್ ತಂದೆಯೊಂದಿಗೂ ಚಿಕ್ಕಪ್ಪನೊಂದಿಗೂ ಸಿಂಹಾಸನಕ್ಕಾಗಿ ಕಾದಾಡುತ್ತಿದ್ದಾಗ ಶತ್ರು ಒಂದೊಂದೇ ನಗರವನ್ನು ನುಂಗುತ್ತಿದ್ದ. ಬಿಟ್ಟುಹೋದ ತೋಟಗಳು, ಚಿಲುಮೆಗಳು, ಸೊಗಸಾದ ನಿವಾಸಗಳ ಕುರಿತು ಕುರ್‌ಆನ್ ಹೇಳುವುದು ಫಿರ್‌ಔನನ ಜನರ ಸಂದರ್ಭದಲ್ಲಿ, ಅದೂ ಅವರಿಗಾಗಿ ಆಕಾಶವೂ ಅಳಲಿಲ್ಲ ಭೂಮಿಯೂ ಅಳಲಿಲ್ಲವೆಂದು. ನಾವೋ ತೋಟಕ್ಕಾಗಿಯೇ ಅಳುತ್ತೇವೆ. ಕಾರಂಜಿ ಹೋಯಿತಲ್ಲ ಎಂದು ಮರುಗುವವರು, ಶುಕ್ರವಾರ ತೆರೆದಿಟ್ಟ ಬಾಗಿಲಿನ ಹಿಂದೆ ಮಗುವಿಗೆ ಫಾತಿಹಾ ಕಲಿಸಲಾರದೆ ಒದ್ದಾಡಿದ ತಾಯಿಯನ್ನು ಒಮ್ಮೆಯೂ ನೆನೆಯುವುದಿಲ್ಲ.

'ಇಷ್ಟೆಲ್ಲ ಏಕೆ, ಒಂದು ಸಂಜೆ ತಾನೇ?' ಎಂದು ಕೇಳಬಹುದು. ಒಂದು ಸಂಜೆಯ ವಿನೋದವನ್ನು ವಿನೋದವೆಂದೇ ಕರೆದಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಅದರ ಲೆಕ್ಕ ಅವರಿಗೂ ಅಲ್ಲಾಹನಿಗೂ ಬಿಟ್ಟದ್ದು. ಅದನ್ನು ಪರಂಪರೆಯೆಂದು ಕರೆದು ಮಕ್ಕಳಿಗೆ ದಾಟಿಸುವಾಗ ಸುಮ್ಮನಿರಲಾಗದು. ಅಂದಲೂಸ್ ಎಂದರೆ ಕಮಾನು, ಕಾರಂಜಿ, ಗಿಟಾರು ಎಂದು ಕಲಿತ ಮಗು, ಅದನ್ನು ಕಳೆದುಕೊಂಡದ್ದು ಹೇಗೆಂದು ಎಂದೂ ಕೇಳುವುದಿಲ್ಲ.

ನಮ್ಮದೆಂದು ಹೇಳಿಕೊಳ್ಳಬಹುದಾದದ್ದು ಆ ನಾಡಿನಲ್ಲಿ ಬೇರೆಯೇ ಇದೆ. 1884ರಲ್ಲಿ ಆರಗೋನ್ ಪ್ರಾಂತ್ಯದ ಅಲ್ಮೊನಾಸಿದ್ ದೆ ಲಾ ಸಿಯೆರ್ರಾ ಎಂಬ ಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ, ಹುಸಿ ನೆಲಹಾಸಿನ ಕೆಳಗೆ ಅಡಗಿಸಿಟ್ಟಿದ್ದ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಗಡೀಪಾರಿನ ಆಜ್ಞೆಗೆ ಬಹಳ ಮೊದಲೇ ಅರಬಿ ಮಾತು ಮರೆತುಹೋಗಿದ್ದ ಆ ಜನ, ತಮ್ಮ ಸ್ಪ್ಯಾನಿಷ್ ನುಡಿಯನ್ನೇ ಅರಬಿ ಲಿಪಿಯಲ್ಲಿ ಬರೆದು ನಮಾಝ್‌ನ ವಿಧಿಗಳನ್ನು, ದುಆಗಳನ್ನು, ಪ್ರವಾದಿಗಳ ಚರಿತ್ರೆಗಳನ್ನು ಕಾಪಿಟ್ಟಿದ್ದರು. ಅರಬಿ-ಮಲಯಾಳಂ ಲಿಪಿಯ ಕಿತಾಬುಗಳನ್ನು ಓದಿ ದೀನ್ ಕಲಿತ ನಮ್ಮ ಕರಾವಳಿಯ ಬ್ಯಾರಿ ಅಜ್ಜಿಯರಿಗೆ ಆ ಹಾಳೆಗಳನ್ನು ತೋರಿಸಿದ್ದರೆ, ಭಾಷೆ ತಿಳಿಯದಿದ್ದರೂ ಅವು ಏನೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ನಮ್ಮಲ್ಲಿ ಎಷ್ಟು ಪ್ರವಾಸಿಗರು ಆ ಹಳ್ಳಿಯ ಹೆಸರು ಕೇಳಿದ್ದಾರೆ? ಅದನ್ನು ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಅಷ್ಟು ದೂರ ಹೋಗಲಾಗದವರು ಅಲ್ಬೈಸಿನ್ ಬಡಾವಣೆಯಲ್ಲೇ ಸಾನ್ ಸಾಲ್ವದೋರ್ ಚರ್ಚಿನ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಆ ಬಡಾವಣೆಯ ಜುಮಾ ಮಸೀದಿ ಇದ್ದ ಜಾಗ ಅದು, ಅಂಗಳ ಇನ್ನೂ ಹಾಗೆಯೇ ಉಳಿದಿದೆ. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಾನ್ ನಿಕೊಲಾಸ್ ಕಟ್ಟೆ. ಅದರ ಪಕ್ಕದಲ್ಲೇ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಅಡೆತಡೆಗಳನ್ನು ದಾಟಿ, 2003ರ ಜುಲೈಯಲ್ಲಿ ಬಾಗಿಲು ತೆರೆದ ಬಿಳಿ ಗೋಡೆಯ ಮಸೀದಿ ಇದೆ. ಅದನ್ನು ಕಟ್ಟಲು ಹೊರಟವರು ಇಸ್ಲಾಮ್ ಸ್ವೀಕರಿಸಿದ ಸ್ಪ್ಯಾನಿಷ್ ಜನರೇ. ತಾರಸಿಗಳಿಂದ ಕಾಣುವ ಅದೇ ಅಲ್‌ಹಂಬ್ರಾ ಅದರ ತೋಟದಿಂದಲೂ ಕಾಣುತ್ತದೆ. ಅಲ್ಲಿ ಮಗ್ರಿಬ್‌ಗೆ ಅದಾನ್ ಆಗುತ್ತದೆ, ಸಾಲು ನಿಲ್ಲುತ್ತದೆ, ಮತ್ತು ಆ ಸಾಲಿಗೆ ಸೇರಲು ಮುಂಗಡ ಕಾಯ್ದಿರಿಸಬೇಕಾಗಿಲ್ಲ.