ತಾಂಬೂಲ ಬದಲಾದ ಮೇಲೆ ವಿಚಾರಣೆಯೇ?

ಹೆಣ್ಣು ಕೊಡುವ ಮೊದಲು ಹುಡುಗನ ಮನೆತನ ಹೇಗೆ, ಕೆಲಸ ಖಾಯಮ್ಮೋ ಅಲ್ಲವೋ, ಕುಡಿತವಿದೆಯೇ, ಸಾಲವಿದೆಯೇ ಎಂದು ನಾಲ್ಕು ಕಡೆ ವಿಚಾರಿಸುವುದು ನಮ್ಮ ಮನೆಗಳ ಪದ್ಧತಿ. ಈ ಕೆಲಸದಲ್ಲಿ ಹೆಂಗಸರದೇ ಮುಂದಾಳತ್ವ. ಗಂಡಸರು ಜಗಲಿಯ ಮೇಲೆ ಜಾತಕ, ಜಮೀನು ಎಂದು ಮಾತಾಡುತ್ತಿರುವಷ್ಟರಲ್ಲಿ ನಾವು ಆ ಬೀದಿಯ ಯಾರೋ ಒಬ್ಬಾಕೆಯನ್ನು ಮಾತಿಗೆಳೆದು ನಿಜ ಸಂಗತಿ ತಿಳಿದುಕೊಂಡಿರುತ್ತೇವೆ. ತಾಂಬೂಲ ಬದಲಾದ ಮೇಲೆ ಹೀಗೆ ವಿಚಾರಿಸಿ ಪ್ರಯೋಜನವಿಲ್ಲ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ. ಆಮೇಲೆ ಎಂಥ ಸತ್ಯ ಕಿವಿಗೆ ಬಿದ್ದರೂ ‘ಎಲ್ಲಾ ಸರಿಹೋಗುತ್ತೆ ಬಿಡಿ’ ಎಂದು ಹಿರಿಯರೇ ಮುಚ್ಚಿಹಾಕುತ್ತಾರೆ.

ಇಷ್ಟು ಸರಳವಾದ ವಿವೇಕ ನಮ್ಮನ್ನು ಆಳುವವರಿಗೆ ಏಕಿಲ್ಲ ಎಂಬುದೇ ನನ್ನ ಪ್ರಶ್ನೆ. ಬೆಟ್ಟವಾಗಲಿ, ಕಡಲಾಗಲಿ, ಯಾರಿಗೆ ಕೊಡುವುದೆಂದು ಮೊದಲು ಗೊತ್ತುಮಾಡುತ್ತಾರೆ. ಅದರಿಂದ ಏನಾಗುತ್ತದೆ ಎಂಬ ವಿಚಾರಣೆ ಆಮೇಲೆ. ತೈಲ ಮತ್ತು ಅನಿಲದ ವಿಷಯದಲ್ಲಂತೂ ಆ ತಡವಾದ ವಿಚಾರಣೆಯನ್ನೂ ಅರ್ಧ ಕೈಬಿಟ್ಟಿದ್ದಾರೆ. 2020ರ ಜನವರಿ 16ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಅದರಂತೆ ನೆಲದಲ್ಲಾಗಲಿ ಸಮುದ್ರದಲ್ಲಾಗಲಿ ತೈಲ, ಅನಿಲ ಹುಡುಕಲು ಬಾವಿ ಕೊರೆಯುವುದು ‘ಬಿ-2’ ಎಂಬ ಕೆಳಗಿನ ವರ್ಗಕ್ಕೆ ಇಳಿಯಿತು. ಬಿ-2 ಎಂದರೆ ಪರಿಸರ ಪರಿಣಾಮದ ಅಧ್ಯಯನ ವರದಿ ಬೇಕಿಲ್ಲ, ಜನರನ್ನು ಕರೆದು ಕೇಳುವ ಅಹವಾಲು ಸಭೆಯೂ ಬೇಕಿಲ್ಲ. ಅದಕ್ಕೆ ಮುಂಚೆ ಇದೇ ಕೆಲಸ ‘ಎ’ ವರ್ಗದಲ್ಲಿತ್ತು. ದೆಹಲಿಯ ತಜ್ಞರ ಸಮಿತಿಯ ಮುಂದೆ ಹೋಗಬೇಕಿತ್ತು.

‘ಸಮುದ್ರದಲ್ಲಿ ಬಾವಿ ತೋಡಿದರೆ ತುಮಕೂರಿನವಳಿಗೇನಮ್ಮಾ ಕಷ್ಟ?’ ಎಂದು ಕುಣಿಗಲ್ಲಿನ ನನ್ನ ತವರಿನ ಕಡೆಯವರು ನಗುತ್ತಾರೆ. ನಮಗೆ ಸಮುದ್ರವೆಂದರೆ ಧರ್ಮಸ್ಥಳ, ಉಡುಪಿ ಯಾತ್ರೆಗೆ ಹೋದಾಗ ಮಲ್ಪೆಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು ಒಂದು ಗಳಿಗೆ ಕಾಲು ನೆನೆಸುವ ಜಾಗ, ಅಷ್ಟೆ. ಆದರೆ ಅಡುಗೆಮನೆಗೆ ಹೋಗಿ ನೋಡಿ. ಮುಂಬಯಿಯ ಹೊರಗೆ, ಕರೆಯಿಂದ ಸುಮಾರು 160 ಕಿಲೋಮೀಟರ್ ಆಚೆಗೆ 1974ರಲ್ಲಿ ತೈಲ ಸಿಕ್ಕ ‘ಬಾಂಬೆ ಹೈ’ ಕ್ಷೇತ್ರದ ಹೆಸರು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. 2013ರಲ್ಲಿ ಆರಂಭವಾದ ದಾಭೋಲ್–ಬೆಂಗಳೂರು ಅನಿಲ ಕೊಳವೆ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ ದಾಟಿ ನಮ್ಮ ಜಿಲ್ಲೆಯ ಮೂಲಕವೇ ಹೋಗುತ್ತದೆ. ತುಮಕೂರು ನಗರದ ಎಷ್ಟೋ ಮನೆಗಳಲ್ಲಿ ಈಗ ಒಲೆ ಉರಿಯುವುದು ಕೊಳವೆ ಅನಿಲದಿಂದ. ಉಣ್ಣುವವರಿಗೆ ಬೇಯಿಸಿದ್ದು ಹೇಗೆಂದು ಕೇಳುವ ಹಕ್ಕಿದೆ. ಹಕ್ಕೇನು, ಅದು ಕರ್ತವ್ಯ.

ಇನ್ನೊಂದು ಕಾರಣ, ಅದಕ್ಕಿಂತ ದೊಡ್ಡದು. ವಿಚಾರಣೆ ತಡವಾದರೆ ಏನಾಗುತ್ತದೆಂದು ಈ ರಾಜ್ಯದಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಚೀನಾ ದೇಶಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬರುತ್ತಿದ್ದ ಲಾರಿಗಳ ಸಾಲು ಮುಗಿಯುವ ತನಕ ಮಕ್ಕಳನ್ನು ರಸ್ತೆ ದಾಟಿಸಲು ಕಾಯುತ್ತಿದ್ದೆವು. ಬೆಳಿಗ್ಗೆ ಬಿಳಿಯಾಗಿದ್ದ ಸಮವಸ್ತ್ರ ಸಂಜೆಗೆ ಕಾವಿ. ತೆಂಗಿನ ಗರಿಯ ಮೇಲೂ ಅದೇ ಧೂಳು, ಒಣಗಲು ಹಾಕಿದ ಸೀರೆಯ ಮೇಲೂ ಅದೇ. ಒಂದೊಂದು ಗಣಿಯ ಕಾಗದವನ್ನೂ ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸಣ್ಣದು, ಎಲ್ಲವೂ ಸಹನೀಯ. ಆದರೆ ನಾವು ಉಸಿರಾಡಿದ್ದು ಬಿಡಿಬಿಡಿಯಾಗಿ ಅಲ್ಲ. ಎಲ್ಲ ಗಣಿ, ಎಲ್ಲ ಲಾರಿ ಸೇರಿದರೆ ಬೆಟ್ಟ, ಕೆರೆ, ಮಕ್ಕಳ ಎದೆಗೂಡು ಎಷ್ಟು ತಡೆದಾವು ಎಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಆ ಲೆಕ್ಕ ಹಾಕಿಸಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬರಬೇಕಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನಿಂದ ಇಡೀ ಪ್ರದೇಶದ ಒಟ್ಟು ಪರಿಸರ ಅಧ್ಯಯನ ಮಾಡಿಸಿತು. ಅಳತೆ ಮಾಡಿದ 166 ಗುತ್ತಿಗೆಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ತಪ್ಪಿನ ‘ಎ’ ವರ್ಗದವು 45 ಮಾತ್ರ; ‘ಬಿ’ ವರ್ಗದವು 72; ಅತಿ ಹೆಚ್ಚು ಅಕ್ರಮದ ‘ಸಿ’ ವರ್ಗದವು 49. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಆ 49 ರದ್ದಾದವು. ಮೂರು ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿಯೂ ಬಂತು. ಅದರಲ್ಲಿ ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ 50 ಲಕ್ಷ ಟನ್. ಆ ಮಿತಿ ಆಮೇಲೆ ಏರುತ್ತಾ 2022ರಲ್ಲಿ ನಮ್ಮ ಎರಡು ಜಿಲ್ಲೆಗಳಿಗೆ 150 ಲಕ್ಷ ಟನ್ನಿಗೆ ಬಂದಿರುವುದು ಬೇರೆ ಮಾತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಇಡೀ ಪ್ರದೇಶವನ್ನು ಒಟ್ಟಾಗಿ ನೋಡುವ ಅದೇ ಅಧ್ಯಯನವನ್ನು ಮೊದಲೇ ಮಾಡಿಸಿದ್ದರೆ ಬೆಟ್ಟವೂ ಉಳಿಯುತ್ತಿತ್ತು; ಗಣಿ ದಿಢೀರನೆ ನಿಂತಾಗ ಲಾರಿಗೆ ಸಾಲ ಮಾಡಿದವರ ಹೆಂಡತಿಯರು ಕೊರಳ ಸರ ಅಡವಿಡುವುದೂ ತಪ್ಪುತ್ತಿತ್ತು. ಪರಿಸರದ ವಿಚಾರಣೆಯೆಂದರೆ ಅಭಿವೃದ್ಧಿಗೆ ಅಡ್ಡಗಾಲು ಎನ್ನುವವರು ಇದನ್ನು ಮರೆಯುತ್ತಾರೆ. ವಿಚಾರಣೆ ಮೊದಲೇ ಆಗಿದ್ದರೆ ಯಾರ ಬದುಕೂ ಒಂದು ದಿನ ಬೆಳಗಾಗುವುದರಲ್ಲಿ ನಿಲ್ಲುವುದಿಲ್ಲ.

ಬೆಟ್ಟದ ಗಾಯ ಕಣ್ಣಿಗೆ ಕಾಣುತ್ತದೆ, ಸಮುದ್ರದ್ದು ಕಾಣುವುದಿಲ್ಲ. ಆದ್ದರಿಂದ ಕಡಲಿಗೆ ವಿಚಾರಣೆ ಇನ್ನೂ ಬಿಗಿಯಾಗಿರಬೇಕು. ‘ಹುಡುಕುವುದು ತಾನೇ, ತೆಗೆಯುವುದಲ್ಲವಲ್ಲ, ತೆಗೆಯುವಾಗ ವಿಚಾರಿಸುತ್ತೇವೆ’ ಎಂಬುದು ವಿನಾಯಿತಿ ಕೊಟ್ಟವರ ಪರ ಹೇಳುವ ಸಮಾಧಾನ. ತೈಲೋತ್ಪಾದನೆಗೆ ಪೂರ್ಣ ಅಧ್ಯಯನ ಈಗಲೂ ಕಡ್ಡಾಯ, ನಿಜ. ಆದರೆ ಅಮೆರಿಕದ ಮೆಕ್ಸಿಕೋ ಕೊಲ್ಲಿಯಲ್ಲಿ 2010ರ ಏಪ್ರಿಲ್ 20ರಂದು ಸ್ಫೋಟಿಸಿದ ಮಕಾಂಡೊ ಬಾವಿ ಹುಡುಕಾಟದ ಬಾವಿಯೇ ಆಗಿತ್ತು. ‘ಡೀಪ್‌ವಾಟರ್ ಹೊರೈಜನ್’ ಎಂಬ ಆ ಕೊರೆಯುವ ವೇದಿಕೆಯಲ್ಲಿ 11 ಜನ ಸತ್ತರು. 87 ದಿನ ತೈಲ ಸಮುದ್ರಕ್ಕೆ ಸುರಿಯಿತು. ಆ ಬಾವಿಯ ಯೋಜನೆಗೆ ಹಿಂದಿನ ವರ್ಷ ಅಲ್ಲಿನ ಸರಕಾರ ವಿವರವಾದ ಪರಿಸರ ಪರಿಶೀಲನೆಯಿಂದ ವಿನಾಯಿತಿ ಕೊಟ್ಟಿತ್ತು! ಅಲ್ಲಿ ಹತ್ತು ವರ್ಷದ ಹಿಂದೆ ಮಾಡಿದ ತಪ್ಪನ್ನು ಇಲ್ಲಿ 2020ರಲ್ಲಿ ಕಾನೂನು ಮಾಡಿಕೊಂಡೆವು.

ನಮ್ಮಲ್ಲೇ ನೋಡಿ. ಆ ಅಧಿಸೂಚನೆ ಬಂದು ಐದು ತಿಂಗಳಾಗಿರಲಿಲ್ಲ, 2020ರ ಮೇ 27ರಂದು ಅಸ್ಸಾಮಿನ ಬಾಘಜಾನದಲ್ಲಿ ಅನಿಲದ ಬಾವಿಯೊಂದು ಸಿಡಿಯಿತು. ಜೂನ್ 9ರಂದು ಬೆಂಕಿ ಹತ್ತಿತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. ಬೆಂಕಿ ಪೂರ್ತಿ ಆರಿದ್ದು ನವೆಂಬರಿನಲ್ಲಿ. ಅದು ಹಳೆಯ ಬಾವಿ, ಹೊಸ ವಿನಾಯಿತಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸುತ್ತ ಮನೆ, ತೋಟ, ಹೊಂಡಗಳಿರುವ ನೆಲದಲ್ಲೇ ಒಂದು ಬಾವಿ ಮುಚ್ಚಲು ಅಷ್ಟು ತಿಂಗಳು ಬೇಕಾದರೆ ಸಾವಿರಾರು ಅಡಿ ನೀರಿನ ಕೆಳಗಿನದನ್ನು ಮುಚ್ಚುವವರು ಯಾರು? ಗೋವಾದ ಕೆಳಗಿನಿಂದ ಕನ್ಯಾಕುಮಾರಿಯ ಕಡೆಗೆ, ನಮ್ಮ ಕಾರವಾರ, ಹೊನ್ನಾವರ, ಮಲ್ಪೆ, ಮಂಗಳೂರುಗಳ ಮುಂದೆ ಹಾದುಹೋಗುವ ಕಡಲತಳವನ್ನು ತೈಲದ ಭಾಷೆಯಲ್ಲಿ ಕೇರಳ–ಕೊಂಕಣ ಜಲಾನಯನವೆನ್ನುತ್ತಾರೆ. ಅಲ್ಲಿ ಹುಡುಕಾಟ ಹೊಸದೇನಲ್ಲ. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ-3 ಎಂಬ ಹಡಗು ಮುಳುಗಿದಾಗ ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ಕೇರಳದ ಮರಳ ದಂಡೆಗಳಿಗೆಲ್ಲ ಬಂದು ಬಿದ್ದವು. ಕಡಲಿಗೆ ಬದು ಇಲ್ಲ, ಬೇಲಿ ಇಲ್ಲ. ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುವ ಮಲ್ಪೆಯ ಹೆಂಗಸಿಗೆ ಅಹವಾಲು ಸಭೆಯ ಬಾಗಿಲನ್ನೇ ಮುಚ್ಚಿದವರು ಅವಳ ನಷ್ಟಕ್ಕೆ ಯಾರ ಹತ್ತಿರ ಲೆಕ್ಕ ಕೇಳುತ್ತಾರೆ?

‘ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ತರುತ್ತಿದ್ದೇವೆ, ನಮ್ಮದನ್ನು ಬೇಗ ಹುಡುಕಬೇಡವೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹುಡುಕಬೇಡಿ ಎಂದು ನಾನು ಹೇಳುವುದಿಲ್ಲ. ಒಲೆ ಹಚ್ಚುವ ನಾನು ಹಾಗೆ ಹೇಳಲೂ ಬಾರದು. ಹುಡುಕುವ ಜಾಗ ಯಾವುದು, ಮೀನು ಮರಿ ಮಾಡುವ ನೀರು ಯಾವುದು, ಏನಾದರೂ ಆದರೆ ಜವಾಬ್ದಾರಿ ಯಾರದು ಎಂದು ಹರಾಜಿಗೆ ಮೊದಲೇ ನೋಡಿ ಎನ್ನುತ್ತೇನೆ. 2016ರ ಹೊಸ ನೀತಿಯಲ್ಲಿ ಯಾವ ಜಾಗ ಬೇಕೆಂದು ಕಂಪನಿಯೇ ಆರಿಸಿಕೊಂಡು ಅರ್ಜಿ ಹಾಕಬಹುದು. ಗಂಡಿನ ಕಡೆಯವರೇ ಬಂದು ಮನೆಯೊಳಗೆಲ್ಲ ಓಡಾಡಿ ಹೆಣ್ಣನ್ನು ಆರಿಸಿಕೊಳ್ಳಬಹುದು, ಹೆಣ್ಣಿನ ಕಡೆಯವರು ಮಾತ್ರ ವಿಚಾರಿಸಬಾರದು ಎಂದಂತಾಯಿತು.

ಮೊದಲೇ ವಿಚಾರಿಸುವುದು ಆಗದ ಮಾತೂ ಅಲ್ಲ. ಅಮೆರಿಕದಲ್ಲಿ ಸಮುದ್ರದ ತೈಲ ಗುತ್ತಿಗೆ ಹರಾಜಿಗೆ ಮುಂಚೆ ಪರಿಸರ ವರದಿ ಬರೆಯುವ ಪದ್ಧತಿಯಿದೆ. 2021ರ ನವೆಂಬರಿನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ನಡೆದ 257ನೇ ಹರಾಜನ್ನು, ವರದಿಯಲ್ಲಿ ಹವಾಮಾನದ ಲೆಕ್ಕ ಸರಿಯಿಲ್ಲವೆಂದು ವಾಷಿಂಗ್ಟನ್ನಿನ ನ್ಯಾಯಾಧೀಶರು 2022ರ ಜನವರಿಯಲ್ಲಿ ರದ್ದು ಮಾಡಿದರು. ಅದೇ ಆಗಸ್ಟಿನಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಆ ಹರಾಜಿಗೆ ಮತ್ತೆ ಜೀವ ಕೊಟ್ಟಿತು. ಹಣದ ಕೈ ಎಲ್ಲ ಕಡೆ ಉದ್ದವೇ. ಆದರೂ ವರದಿಯೆಂಬುದೊಂದು ಇದ್ದುದರಿಂದ ತಾನೇ ಅದು ತಪ್ಪೆಂದು ಕೋರ್ಟಿಗೆ ಹೋಗಲಾಯಿತು? ವರದಿಯೇ ಬೇಡವೆಂದ ಮೇಲೆ ತಪ್ಪು ತೋರಿಸುವುದು ಯಾವುದರಲ್ಲಿ?

ಸೋದರಿಯರೇ, ಅಹವಾಲು ಸಭೆ ಎಂಬುದು ನಮಗೆ ಸುಮ್ಮನೆ ಸಿಕ್ಕಿದ್ದಲ್ಲ. ಪರಿಸರ ಪರಿಣಾಮದ ಮೊದಲ ಅಧಿಸೂಚನೆ 1994ರದು. ಜನರನ್ನು ಕೇಳುವ ಕಡ್ಡಾಯ ಬಂದದ್ದು 1997ರಲ್ಲಿ. ಈಗಿನ ನಿಯಮ 2006ರದು. ಸಭೆಗೆ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಆಡಿದ ಮಾತು ದಾಖಲಾಗಬೇಕು. ಮುಂದಿನ ಸಲ ನಿಮ್ಮ ತಾಲ್ಲೂಕಿನಲ್ಲಿ ಗಣಿಯೋ ಕಾರ್ಖಾನೆಯೋ ಬರುವಾಗ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಆ ಪ್ರಕಟಣೆ ಕಂಡರೆ ಬೇಳೆ ಕಟ್ಟುವ ಕಾಗದ ಮಾಡಬೇಡಿ. ಇಬ್ಬರು ಮೂವರು ಸೇರಿ ಹೋಗಿ. ಕನ್ನಡದ ಸಾರಾಂಶ ಕೇಳಿ ಓದಿ. ಹಿಂದಿನ ಸಾಲಿನಲ್ಲಿ ಕುಳಿತು ಗೊಣಗದೆ ಎದ್ದು ನಿಂತು ಕೇಳಿ: ನೀರು ಎಲ್ಲಿಂದ, ಧೂಳು ಎಲ್ಲಿಗೆ, ಪಕ್ಕದಲ್ಲಿ ಆಗಲೇ ಎಷ್ಟಿವೆ? ಕಡಲ ತೀರದ ಅಕ್ಕತಂಗಿಯರಿಗೂ ಆ ಸಭೆ ಮರಳಿ ಸಿಗಬೇಕೆಂದು ನಿಮ್ಮ ಸಂಸದರಿಗೆ ಒಂದು ಕಾಗದ ಬರೆಯಿರಿ. ನಮ್ಮಲ್ಲಿ ಸಮುದ್ರವಿಲ್ಲವಲ್ಲ ಎಂದು ಅವರೂ ನಕ್ಕರೆ 2011ರ ಆಗಸ್ಟ್ 26ನ್ನು ನೆನಪಿಸಿ. ನಮ್ಮ ಬೆಟ್ಟಕ್ಕೆ ತಡವಾಗಿ ಸಿಕ್ಕ ನ್ಯಾಯ ಅವರ ಕಡಲಿಗೆ ಹೊತ್ತಿಗೆ ಸರಿಯಾಗಿ ಸಿಗಲಿ.