ಅಟ್ಟದ ಮೇಲಿನ ‘ಸುಸ್ವಾಗತ’ ಕೆಳಗಿಳಿಯಲಿ

ದೀಪಾವಳಿ ಹತ್ತಿರ ಬಂತು. ಸಂತೆಯಲ್ಲಿ ಪ್ಲಾಸ್ಟಿಕ್ ತೋರಣ, ಸ್ಟಿಕ್ಕರ್ ರಂಗೋಲಿ, ಗೋಡೆಗೆ ತೂಗುಹಾಕುವ ರೆಡಿಮೇಡ್ ದೀಪಗಳ ರಾಶಿ ಬಿದ್ದಿದೆ. ಪ್ರತಿ ವರ್ಷ ಈ ಹೊತ್ತಿಗೆ ನಾವು ‘ಹಬ್ಬದ ಖರೀದಿ ಜೋರು’ ಅಂತ ಒಂದು ಸುದ್ದಿ, ಒಂದು ಫೋಟೊ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಈ ಸಲ ಖರೀದಿ ಬಿಟ್ಟು ಗೋಡೆಯ ಮಾತಾಡೋಣ.

ನಾವು ಸಣ್ಣವರಿದ್ದಾಗ ನಮ್ಮ ಕಡೆಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಗಾಜಿನ ಕಟ್ಟು ಹಾಕಿದ ಒಂದು ಚಿತ್ರ ಇರುತ್ತಿತ್ತು. ಕರಿ ಬಟ್ಟೆಯ ಮೇಲೆ ಅಂಗಿ ಗುಂಡಿ, ಮಣಿ, ಬಣ್ಣದ ದಾರದಿಂದ ಮಾಡಿದ ನವಿಲು ಇಲ್ಲವೇ ಗಿಳಿಜೋಡಿ. ಕೆಳಗೆ ‘ಸುಸ್ವಾಗತ’. ಮೂಲೆಯಲ್ಲಿ ಮಾಡಿದವಳ ಹೆಸರು. ಮದುವೆಗೆ ಮೊದಲು ಮಾಡಿ ಗಂಡನ ಮನೆಗೆ ಒಯ್ಯುತ್ತಿದ್ದರು.

ನಮ್ಮ ಅವ್ವನದೂ ಒಂದಿತ್ತು. ಮನೆಗೆ ಹೊಸ ಪೇಂಟ್ ಹೊಡೆಸಿದಾಗ ‘ಹಳೇದು, ಚಂದ ಕಾಣೂದಿಲ್ಲ’ ಅಂತ ಇಳಿಸಿ ಅಟ್ಟಕ್ಕೆ ಹಾಕಿದವರು ನಾವೇ. ಅವ್ವ ಏನೂ ಅನ್ನಲಿಲ್ಲ. ಹೋದ ವರ್ಷ ಅಟ್ಟ ಸ್ವಚ್ಛ ಮಾಡುವಾಗ ಅದು ಸಿಕ್ಕಿತು. ಬಟ್ಟೆಯನ್ನು ಅರ್ಧ ಇಲಿ ತಿಂದಿತ್ತು. ಗುಂಡಿಗಳು ಹಾಗೇ ಇದ್ದವು. ಹೊಲದ ಪಹಣಿಯಲ್ಲಿ ಅಪ್ಪನ ಹೆಸರಿದೆ. ರೇಷನ್ ಕಾರ್ಡಿನಲ್ಲಿ ಅವ್ವನ ಹೆಸರಿದೆ, ಆದರೆ ಅದನ್ನು ಬರೆದವರು ಕಚೇರಿಯವರು. ತನ್ನ ಹೆಸರನ್ನು ತಾನೇ ಬರೆದು ಆಕೆ ಗೋಡೆಗೆ ಹಾಕಿದ್ದು ಅದೊಂದೇ. ಅದನ್ನೇ ನಾವು ಇಳಿಸಿದ್ದೆವು.

ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರವನ್ನು ಇವತ್ತು ಎಲ್ಲರೂ ಕಲೆ ಅನ್ನುತ್ತಾರೆ. ಅನ್ನಲೇಬೇಕು. ಗುಂಡಿ ಚಿತ್ರಕ್ಕೆ ಮಾತ್ರ ‘ಟೈಂಪಾಸ್’ ಅನ್ನುವ ಹೆಸರು ಉಳಿಯಿತು. ಇದು ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಈ ಹಬ್ಬಕ್ಕೆ ಮನೆಯಲ್ಲೇ ಒಂದು ಮಾಡಿ ನೋಡಿ. ಹರಿದ ಅಂಗಿಯೊಂದರಲ್ಲಿ ಏಳೆಂಟು ಗುಂಡಿ ಸಿಗುತ್ತವೆ. ಟೇಲರ್ ಅಂಗಡಿಯಲ್ಲಿ ಜೋಡಿ ತಪ್ಪಿದ ಗುಂಡಿಗಳಿರುತ್ತವೆ, ಕೇಳಿ. ರಟ್ಟಿನ ಡಬ್ಬಿ ಕತ್ತರಿಸಿ ಹಳೆಯ ಖಣದ ಬಟ್ಟೆ ಬಿಗಿಯಾಗಿ ಹೊದಿಸಿ. ಸೀಮೆಸುಣ್ಣದಲ್ಲಿ ಹಣತೆ ಬರೆಯಿರಿ. ದೊಡ್ಡ ಗುಂಡಿ ಹಣತೆಯ ಅಂಚಿಗೆ, ಸಣ್ಣವು ಒಳಗೆ, ಹಳದಿ ಕೆಂಪು ಗುಂಡಿ ಜ್ವಾಲೆಗೆ. ನುಣುಪು ಗುಂಡಿಯ ಮೇಲೆ ಬಿಳಿ ಗೋಂದು ಸರಿಯಾಗಿ ಹಿಡಿಯುವುದಿಲ್ಲ. ಸೂಜಿ ದಾರದಲ್ಲಿ ಹೊಲಿದರೆ ವರ್ಷಗಟ್ಟಲೆ ಉಳಿಯುತ್ತದೆ. ಕೂಸುಗಳು ಗುಂಡಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

‘ಗುಂಡಿಯೂ ಪ್ಲಾಸ್ಟಿಕ್ಕೇ ಅಲ್ಲವೇ?’ ಅಂತ ನೀವು ಕೇಳಬಹುದು. ಹೌದು, ಹೆಚ್ಚಿನ ಅಂಗಿ ಗುಂಡಿಗಳು ಪ್ಲಾಸ್ಟಿಕ್ಕೇ. ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಅದಕ್ಕೇ ಎಸೆಯಬಾರದು ಅನ್ನುವುದು. ಹೊಸ ಗುಂಡಿ ಕೊಂಡು ಚಿತ್ರ ಮಾಡಿದರೆ ಅರ್ಥವಿಲ್ಲ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಅದರ ಬದಲು ಮನೆಯಲ್ಲಿ ಇದ್ದದ್ದನ್ನೇ ಬಳಸುವುದು ನಮ್ಮ ಅವ್ವಂದಿರಿಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಮಾತು. ಅಕ್ಟೋಬರ್ 15 ಅಂತಾರಾಷ್ಟ್ರೀಯ ಗ್ರಾಮೀಣ ಮಹಿಳಾ ದಿನ. ಅವತ್ತು ಭಾಷಣದ ಜೊತೆಗೆ, ಊರಿನ ಅಟ್ಟಗಳಲ್ಲಿ ಬಿದ್ದಿರುವ ಇಂಥ ಚಿತ್ರಗಳನ್ನು ಒರೆಸಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಹಾಕಬಹುದು. ಖರ್ಚು ನಾಲ್ಕು ಮೊಳೆ. ಮಾಡಿದವರ ಹೆಸರು ಕೆಳಗೆ ದೊಡ್ಡದಾಗಿ ಇರಲಿ.

ನಾವು ಅವ್ವನ ಗುಂಡಿಗಳನ್ನು ಬಿಚ್ಚಿ ತೊಳೆದು ಇಟ್ಟಿದ್ದೇವೆ. ಬಟ್ಟೆ ಹೊಸದು ತರಬೇಕು. ‘ನವಿಲು ಬ್ಯಾಡ, ಈ ಸಲ ದೀಪ ಮಾಡೂಣು’ ಅಂದಿದ್ದಾಳೆ. ಹೆಸರನ್ನು ಆಕೆಯೇ ಹೊಲಿಯುತ್ತಾಳೆ.